ಫ್ರಾಂಕ್ಲಿನ್ ಲೆಕ್ಕದ ಪುಸ್ತಕ, ನನ್ನ ಮೂರು ಸಾವಿರ ರೂಪಾಯಿ

 

ಎರಡು ವಾರದಿಂದ ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆ ಓದ್ತಿದ್ದೆ. ಹೌದು, ನೂರು ಡಾಲರ್ ನೋಟಿನ ಮೇಲಿರೋ ಅದೇ ಅಜ್ಜ. 1771ರಲ್ಲಿ, 65ನೇ ವಯಸ್ಸಿನಲ್ಲಿ, ಮಗ ವಿಲಿಯಂಗೆ ಬರೆಯೋ ಪತ್ರದ ಹಾಗೆ ಇದನ್ನ ಶುರು ಮಾಡಿದ್ರು. ಮುಂದೆ ಅಮೆರಿಕದ ಸ್ವಾತಂತ್ರ್ಯ ಹೋರಾಟದಲ್ಲಿ ಮಗ ಬ್ರಿಟಿಷರ ಕಡೆ ನಿಂತ, ಅಪ್ಪ-ಮಗನ ಸಂಬಂಧ ಮುರಿದುಹೋಯ್ತು. ಅದು ಬೇರೆಯದೇ ಎಪಿಸೋಡ್.

ಈ ಪುಸ್ತಕದ ಫೇಮಸ್ ಭಾಗ ನೀವು ರೀಲ್ಸಲ್ಲಿ ನೋಡಿರ್ತೀರ: 13 ಸದ್ಗುಣಗಳ ಪಟ್ಟಿ. ಮಿತ ಆಹಾರ, ಮೌನ, ಅಚ್ಚುಕಟ್ಟು, ಪ್ರಾಮಾಣಿಕತೆ, ಹೀಗೆ. ಒಂದು ಪುಟ್ಟ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಎಳೆದು, ವಾರದ ಏಳು ದಿನಕ್ಕೆ ಏಳು ಕಾಲಂ. ತಪ್ಪಿದ ದಿನ ಒಂದು ಕಪ್ಪು ಚುಕ್ಕೆ. ನಾನು ಬಿ.ಕಾಂ. ಓದಿದವನು, ನನಗೆ ಇದು ಶುದ್ಧ ಲೆಡ್ಜರ್ ಥರ ಕಾಣ್ತು. ಚುಕ್ಕೆ ಅಳಿಸಿ ಅಳಿಸಿ ಹಾಳೆ ತೂತಾಯ್ತಂತೆ! ಆಮೇಲೆ ಒರೆಸಿದ್ರೆ ಹೋಗೋ ದಂತದ ಹಾಳೆಗೆ ಶಿಫ್ಟ್ ಆದ್ರು. ಮೊದಲು ಪಟ್ಟಿಯಲ್ಲಿ ಇದ್ದಿದ್ದು 12 ಮಾತ್ರ. ನಿನಗೆ ಅಹಂಕಾರ ಜಾಸ್ತಿ ಅಂತ ಸ್ನೇಹಿತರೊಬ್ರು ಹೇಳಿದ್ಮೇಲೆ ವಿನಯ ಸೇರ್ಕೊಂಡಿತು.

ಆದ್ರೆ ನಿಜ ಹೇಳ್ಬೇಕಂದ್ರೆ, ನನ್ನನ್ನ ಹಿಡಿದು ಕೂರಿಸಿದ್ದು ಈ ಪಟ್ಟಿ ಅಲ್ಲ. ವರ್ನನ್ ಅನ್ನೋರ ದುಡ್ಡು.

ಫ್ರಾಂಕ್ಲಿನ್‌ಗೆ ಆಗ ಹದಿನೆಂಟರ ಆಸುಪಾಸು. ಪೆನ್ಸಿಲ್ವೇನಿಯಾದಲ್ಲಿ ನನಗೆ 35 ಪೌಂಡ್ ಬರ್ಬೇಕು, ವಸೂಲಿ ಮಾಡಿ ನಾನು ಹೇಳೋವರೆಗೂ ಇಟ್ಕೊಂಡಿರು ಅಂತ ವರ್ನನ್ ಒಪ್ಪಿಸಿದ್ರು. ದುಡ್ಡೇನೋ ಬಂತು. ಜೊತೆಗಿದ್ದ ಬಾಲ್ಯದ ಗೆಳೆಯ ಕಾಲಿನ್ಸ್ ಕುಡಿತಕ್ಕೆ ಬಿದ್ದಿದ್ದ. ಸಾಲ, ಇನ್ನೊಂದು ಸಾಲ ಅಂತ ಅವನಿಗೆ ಕೊಟ್ಟೂ ಕೊಟ್ಟೂ ಆ ದುಡ್ಡು ಕರಗ್ತಾ ಹೋಯ್ತು. ವರ್ನನ್ ಯಾವಾಗ ಕೇಳ್ತಾರೋ ಅನ್ನೋ ಭಯದಲ್ಲೇ ದಿನ ಕಳೆದ್ರು. ಅವರು ವರ್ಷಗಟ್ಟಲೆ ಕೇಳ್ಲಿಲ್ಲ. ಕೊನೆಗೆ ನೆನಪಿಸಿದಾಗ, ಸ್ವಲ್ಪ ಟೈಮ್ ಕೇಳಿ, ಬಡ್ಡಿ ಸಮೇತ ತೀರಿಸಿದ್ರು.

ಫ್ರಾಂಕ್ಲಿನ್ ಪ್ರಿಂಟಿಂಗ್ ಪ್ರೆಸ್ ಮನುಷ್ಯ. ಜೀವನದ ಇಂಥ ತಪ್ಪುಗಳಿಗೆ ಅವರು ಬಳಸೋ ಪದವೂ ಪ್ರೆಸ್ಸಿಂದೇ: ಎರಾಟಾ. ನಮ್ಮ ಹಳೆ ಪುಸ್ತಕಗಳ ಕೊನೇಲಿ ತಪ್ಪು-ಒಪ್ಪು ಪಟ್ಟಿ ಇರುತ್ತಲ್ಲ, ಅದೇ. ಚೆನ್ನಾಗಿದೆ ಐಡಿಯಾ. ಸ್ವಲ್ಪ ಜಾಸ್ತಿನೇ ಚೆನ್ನಾಗಿದೆ ಅಂತ ನನ್ನ ಅನುಮಾನ. ಯಾಕಂದ್ರೆ ಅವರ ಮನೇಲಿ ಗುಲಾಮರಿದ್ರು. ಅವರ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಬರ್ತಿತ್ತು. ತಪ್ಪುಗಳ ಪಟ್ಟಿಯಲ್ಲಿ ಅದು ಇಲ್ಲ. ಕೊನೆಗಾಲದಲ್ಲಿ, 1787ರಲ್ಲಿ, ಗುಲಾಮಗಿರಿ ವಿರೋಧಿ ಸಂಘಕ್ಕೆ ಅಧ್ಯಕ್ಷರಾದ್ರು, 1790ರಲ್ಲಿ ಸಾಯೋಕೆ ಕೆಲವೇ ವಾರ ಮುಂಚೆ ಅಮೆರಿಕದ ಕಾಂಗ್ರೆಸ್‌ಗೆ ಮನವಿಗೂ ಸಹಿ ಹಾಕಿದ್ರು. ಅದನ್ನೂ ಹೇಳ್ಬೇಕು. ಆದ್ರೂ 35 ಪೌಂಡ್ ಬರೆದ ಕೈ ಇದನ್ನ ಬರೀಲಿಲ್ಲ. ಆಡಿಟ್ ಮಾಡೋರಿಗೆ ಗೊತ್ತಿರುತ್ತೆ, ಬರೆದ ಎಂಟ್ರಿಗಿಂತ ಬಿಟ್ಟ ಎಂಟ್ರಿ ಹುಡುಕೋದು ಕಷ್ಟ.

ಈಗ ನಾನು ಬಿಟ್ಟ ಎಂಟ್ರಿ. ಎರಡು ವರ್ಷದ ಹಿಂದೆ ಚಿಕ್ಕಮಗಳೂರು ಟ್ರಿಪ್‌ಗೆ ಅಂತ ಐದು ಜನ ಫ್ರೆಂಡ್ಸ್ ನನ್ನ ಅಕೌಂಟಿಗೆ ತಲಾ 3,000 ಹಾಕಿದ್ರು. ಕಾಮರ್ಸ್ ಹುಡುಗ, ಲೆಕ್ಕ ಇವನೇ ನೋಡ್ಕೊಳ್ಳಲಿ ಅಂತ. ಮಳೆ ಬಂದು ಟ್ರಿಪ್ ಕ್ಯಾನ್ಸಲ್. ನಾಲ್ಕು ಜನ ಕೇಳಿದ್ರು, ವಾಪಸ್ ಹಾಕಿದೆ. ಐದನೆಯವನು ಕೇಳ್ಲಿಲ್ಲ. ನಾನೂ ನೆನಪಿಸ್ಲಿಲ್ಲ. ಅದಾದ ತಿಂಗಳೇ ಈ ಮೈಕ್ ತಗೊಂಡೆ. ನೀವೀಗ ಕೇಳ್ತಿರೋ ದನಿಯಲ್ಲಿ ಅವನ ದುಡ್ಡೂ ಇದೆ.

ನಿನ್ನೆ ರಾತ್ರಿ ಫೋನ್‌ಪೇ ಮಾಡಿದೆ. ಶೇ. 6ರ ಸರಳ ಬಡ್ಡಿ ಸೇರಿಸಿ 3,360. ಎರಡೇ ನಿಮಿಷದಲ್ಲಿ ಮೆಸೇಜ್ ಬಂತು, "ಇದ್ಯಾವ ದುಡ್ಡೋ ಮಾರಾಯ?" ಅಂತ. ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ಇದು ಅಪ್‌ಲೋಡ್ ಆದ್ಮೇಲೆ ಲಿಂಕ್ ಕಳಿಸ್ತೀನಿ. ಮುಂದಿನ ವಾರ ಸಿಗೋಣ.