ಹಗೇವಿನ ದೀಪವೂ ನವಿರು ಎಳೆಯ ಅನಿಲ ಸಂವೇದಕವೂ

(ಬೋರನಕಣಿವೆಯಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಈ ಸೀಮೆಯಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ತೆರೆದ ಕೂಡಲೇ ಹಿರಿಯರು ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಕಾಳು ಉಸಿರಾಡುವಾಗ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ.

ಇಂದು ಹಗೇವು ಅಪರೂಪ. ಆದರೆ ತೆಂಗಿನ ತೋಟದ ಅಂಚಿನಲ್ಲಿ ಗೋಬರ್ ಗ್ಯಾಸ್ ಗುಂಡಿ ಇದೆ, ಬಗ್ಗಡದ ತೊಟ್ಟಿ ಇದೆ. ಇಲ್ಲಿ ದೀಪ ಇಳಿಬಿಡುವುದು ಪ್ರಾಣಕ್ಕೆ ಅಪಾಯ. ಗೋಬರ್ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಗಾಳಿಯಲ್ಲಿ ಅದು ಶೇಕಡಾ 5ರಿಂದ 15ರಷ್ಟು ಬೆರೆತಾಗ ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. ಮೂಗನ್ನೂ ನಂಬುವಂತಿಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್, ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗವಾದರೆ, ವಾಸನೆ ಹಿಡಿಯುವ ಶಕ್ತಿಯನ್ನೇ ಮಂಕಾಗಿಸುತ್ತದೆ. ವಾಸನೆ ನಿಂತಿತೆಂದರೆ ಅಪಾಯ ನಿಂತಿತೆಂದಲ್ಲ.

ಆದುದರಿಂದಲೇ ವಿಜ್ಞಾನಿಗಳು ಸೂಕ್ಷ್ಮ ಸಂವೇದಕಗಳನ್ನು ರೂಪಿಸುತ್ತಿದ್ದಾರೆ. ಪಾಲಿಮರ್ ದ್ರಾವಣವನ್ನು ಸಿರಿಂಜಿಗೆ ತುಂಬಿ, ಸೂಜಿಗೆ ಸಾವಿರಾರು ವೋಲ್ಟ್ ವಿದ್ಯುತ್ ಕೊಟ್ಟರೆ, ಹನಿಯು ಎಳೆಯಾಗಿ ಹೊರಚಿಮ್ಮುತ್ತದೆ. ದ್ರಾವಕ ಆರಿ, ತಲೆಗೂದಲಿಗಿಂತ ನೂರು ಪಟ್ಟಿಗೂ ಹೆಚ್ಚು ತೆಳುವಾದ ನಾರು ಫಲಕದ ಮೇಲೆ ಜೇಡರ ಬಲೆಯಂತೆ ಕೂಡುತ್ತದೆ. ನಾರು ತೆಳುವಾದಷ್ಟೂ ಅನಿಲಕ್ಕೆ ತಗಲುವ ಮೈ ಹೆಚ್ಚು. ಪಾಲಿಅನಿಲಿನ್ ಎಂಬ ವಿದ್ಯುದ್ವಾಹಕ ಪಾಲಿಮರ್ ಬೆರೆತ ನಾರಿಗೆ ಅಮೋನಿಯ ತಗುಲಿದರೆ, ವಿದ್ಯುತ್ ಹರಿವಿಗೆ ತಡೆ ಹೆಚ್ಚುತ್ತದೆ. ಆ ತಡೆಯನ್ನು ಅಳೆದು ಅನಿಲದ ಪ್ರಮಾಣ ತಿಳಿಯಬಹುದು. ಇಂತಹ ವಾಹಕ ಪಾಲಿಮರುಗಳ ಶೋಧಕ್ಕೆ 2000ದಲ್ಲಿ ಹೀಗರ್, ಮ್ಯಾಕ್‌ಡಿಯರ್ಮಿಡ್, ಶಿರಕಾವಾ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು.

ಆದರೆ ಇದಕ್ಕೆ ಮಿತಿಗಳೂ ಉಂಟು. ಗಾಳಿಯ ತೇವಾಂಶ ಅಳತೆಯನ್ನು ಕೆಡಿಸುತ್ತದೆ. ಒಂದು ಅನಿಲದ ಬದಲು ಇನ್ನೊಂದಕ್ಕೂ ನಾರು ಸ್ಪಂದಿಸಬಹುದು. ದಿನ ಕಳೆದಂತೆ ಅದರ ಗುಣ ಕುಂದುತ್ತದೆ. ಬಗ್ಗಡದ ತೊಟ್ಟಿಯಲ್ಲಿ ತೇವವೂ ಹಲವು ಅನಿಲಗಳೂ ಒಟ್ಟಿಗೇ ಇರುತ್ತವೆ.

ಆದಕಾರಣ ರೈತರು ಇವನ್ನು ಮರೆಯಬಾರದು: ಗುಂಡಿಯ ಬಳಿ ಬೆಂಕಿ, ಬೀಡಿ ಬೇಡ. ದುರಸ್ತಿಗೆ ತರಬೇತಿ ಪಡೆದವರನ್ನೇ, ಅನಿಲ ಅಳೆಯುವ ಸಾಧನದೊಡನೆ ಕರೆಸಿ. ಒಳಗೆ ಯಾರಾದರೂ ಕುಸಿದರೆ ಹಿಂದೆಯೇ ಇಳಿಯಬೇಡಿ. ಎತ್ತಲು ಹೋದವರೂ ಅಲ್ಲಿಯೇ ಉಳಿದ ಪ್ರಸಂಗಗಳು ಬಹಳ. ಕೂಡಲೇ ಅಗ್ನಿಶಾಮಕ ದಳಕ್ಕೆ ತಿಳಿಸಿ.

ಇಳಿಯುವ ಮೊದಲು ಪರೀಕ್ಷಿಸಬೇಕೆಂಬ ಹಿರಿಯರ ಬುದ್ಧಿ ಇಂದಿಗೂ ಸರಿ. ಬದಲಾಗಬೇಕಾದುದು ದೀಪ ಮಾತ್ರ.