ಬಿಡವ್ವ ಎನ್ನುವ ಮುಂಚೆ

ನೊಂದವರನ್ನು ಸಮಾಧಾನ ಮಾಡಲು ನಮ್ಮ ಭಾಗದಲ್ಲಿ ಒಂದು ಮಾತು ಸದಾ ನಾಲಿಗೆಯ ತುದಿಯಲ್ಲೇ ಇರುತ್ತದೆ: "ಆಗಿದ್ದು ಆಗಿ ಹೋತು, ಬಿಡವ್ವ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಎಳೆವಯಸ್ಸಿಗೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳಿಗೆ ಈ ಮಾತು ಸಲ್ಲುತ್ತದೆಯೇ ಎಂಬುದು ಈ ವಾರವೆಲ್ಲ ಮನಸ್ಸಿನಲ್ಲಿ ತಿರುಗುತ್ತಿದೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು 1982ರಲ್ಲಿ. 1993–94ರ ಸಮೀಕ್ಷೆ ರಾಜ್ಯದಲ್ಲಿ 22,873 ಮಹಿಳೆಯರನ್ನು ಗುರುತಿಸಿತು. 2007–08ರಲ್ಲಿ ಇನ್ನೂ 23,787 ಹೆಸರು ಸೇರಿದವು. ಕಾಯ್ದೆ ಬಂದು ಕಾಲು ಶತಮಾನವಾಗುವವರೆಗೆ ಎಣಿಕೆಗೂ ಸಿಗದೆ ಇದ್ದವರು ಅಷ್ಟು ಮಂದಿ. ಇವರಿಗೆ ಗಾಯ ಮಾಡಿದವರು ಹೊರಗಿನವರಲ್ಲ. ಹೆತ್ತವರು ಹರಕೆ ಎಂದರು, ಓಣಿಯವರು ಊಟಕ್ಕೆ ಬಂದರು, ಮೇಲೆ ದೇವರ ಹೆಸರಿತ್ತು. ಸಿಟ್ಟು ಮಾಡಲು ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಯಾರೂ ಉಳಿಯಲಿಲ್ಲ. ಹಾಗಾಗಿ ತನ್ನ ಹಣೆಬರಹದ ಮೇಲೆ, ಕಡೆಗೆ ತನ್ನ ಮೇಲೆಯೇ ಸಿಟ್ಟಾದಳು.

ದೇವದಾಸಿಯರನ್ನು ಸಮರ್ಪಿಸುವ ಎಲ್ಲಮ್ಮನ ಸಂಪ್ರದಾಯದಲ್ಲಿ ಹೊಸ್ತಿಲ ಹುಣ್ಣಿಮೆಗೆ ದೇವಿ ವಿಧವೆಯಾಗುತ್ತಾಳೆ, ಅವಳಿಗೆ ಮುತ್ತು ಕಟ್ಟಿಸಿಕೊಂಡ ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಭಾರತ ಹುಣ್ಣಿಮೆ ಬಂದರೆ ಮತ್ತೆ ಹಸಿರು ಬಳೆ, ಮತ್ತೆ ಮುತ್ತೈದೆತನ. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಆದರೂ ಅದರಲ್ಲಿರುವ ಒಂದು ತಿಳಿವಳಿಕೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ದೇವಿಯ ದುಃಖ ಗುಟ್ಟಿನದಲ್ಲ. ಅದು ಎಲ್ಲರೆದುರು ನಡೆಯುತ್ತದೆ, ಎಲ್ಲರೂ ಅದನ್ನು ನಂಬುತ್ತಾರೆ, ಅದು ನಿನ್ನ ತಪ್ಪು ಎಂದು ಯಾರೂ ಅವಳಿಗೆ ಹೇಳುವುದಿಲ್ಲ. ಬಹುಶಃ ಅದಕ್ಕೇ ಅದು ಮುಗಿಯಲೂ ಸಾಧ್ಯ. ಬಳೆ ಒಡೆದುಕೊಂಡವಳ ಸ್ವಂತ ದುಃಖಕ್ಕೆ ಮಾತ್ರ ಯಾವ ಹುಣ್ಣಿಮೆಯೂ ಇಲ್ಲ. ನೋವನ್ನು ಮರೆಸುವುದಕ್ಕಿಂತ ನಾಚಿಕೆಯನ್ನು ಅವಳ ಹೆಗಲಿನಿಂದ ಇಳಿಸುವುದು ಮೊದಲಿನ ಕೆಲಸ ಎಂದು ನನಗೆ ಅನ್ನಿಸುವುದು ಇದರಿಂದಲೇ. ಅದು ಅವಳೊಬ್ಬಳಿಂದ ಆಗುವ ಕೆಲಸವಲ್ಲ, ಹೊರಿಸಿದ ನಾವೇ ಇಳಿಸಬೇಕು.

ಹಳೆಯ ಗಾಯವನ್ನು ಯಾಕೆ ಕೆದಕುತ್ತೀರಿ ಎಂದು ಕೇಳುವವರಿದ್ದಾರೆ. ಅವರ ಅಂಜಿಕೆ ಸುಳ್ಳಲ್ಲ. ಆಘಾತಗೊಂಡವರನ್ನು ಒತ್ತಾಯಿಸಿ ಮಾತಾಡಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಹೇಳುತ್ತದೆ. ಹೇಳುವುದು, ಬಿಡುವುದು ಅವಳ ಇಷ್ಟ. ಆದರೆ ಕೆದಕುತ್ತಿರುವವರು ಯಾರು ಎಂದೂ ನೋಡಬೇಕಲ್ಲ? ಪ್ರತಿ ಜೂನ್‌ನಲ್ಲಿ ಶಾಲೆಯ ಅರ್ಜಿ ಅವಳ ಮಗುವಿನ ತಂದೆಯ ಹೆಸರು ಕೇಳುತ್ತಿದ್ದರೆ, ಅವಳ ಪಾಲಿಗೆ ಆಗಿದ್ದು ಆಗಿ ಹೋಗಿಲ್ಲ, ಆಗುತ್ತಲೇ ಇದೆ. ಕಾಲವೇ ಎಲ್ಲವನ್ನೂ ಮಾಯಿಸುತ್ತದೆ ಎನ್ನುವವರಿಗೂ ಇದೇ ಉತ್ತರ. ಜಾಲಿ ಮುಳ್ಳು ಒಳಗೇ ಮುರಿದರೆ ಮೇಲೆ ಚರ್ಮ ಕೂಡಿಕೊಳ್ಳುತ್ತದೆ, ಕಾಲೂರಿದಾಗಲೆಲ್ಲ ಚುಚ್ಚುತ್ತದೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ ಇಂಥ ಅರ್ಜಿಗಳಲ್ಲಿ ತಂದೆಯ ಹೆಸರಿನ ಕಡ್ಡಾಯವನ್ನು ತೆಗೆಯುತ್ತದೆ. ತಂದೆ ಯಾರೆಂದು ಕೇಳುವ ಹಕ್ಕನ್ನು ಮಕ್ಕಳಿಗೇ ಕೊಡುತ್ತದೆ. ನನ್ನ ಮಟ್ಟಿಗೆ ಅದೂ ಒಂದು ಔಷಧಿ.

ಹೊಟ್ಟೆಗೇ ಇಲ್ಲದವರಿಗೆ ಮನಸ್ಸಿನ ಚಿಕಿತ್ಸೆ ಯಾಕೆ ಎಂಬ ಇನ್ನೊಂದು ಆಕ್ಷೇಪವಿದೆ. ಪಿಂಚಣಿ, ಮನೆ, ಹೊಲ ಬೇಕೇ ಬೇಕು. ಅವು ಬರದೆ ಮನಸ್ಸಿನ ಮಾತಾಡುವುದು ಬೂಟಾಟಿಕೆ. ಆದರೆ ಅನ್ನ ಸಿಕ್ಕ ಮೇಲೂ ರಾತ್ರಿ ನಿದ್ದೆ ಬಾರದಿದ್ದರೆ ಅದನ್ನು ಸೊಕ್ಕು ಎನ್ನಬಾರದು. ಅದಕ್ಕೂ ದಾರಿಯಿದೆ: ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ದಿನ ಮಂಗಳವಾರ. ಇನ್ನು 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಕೇಳಿಸಿಕೊಳ್ಳುತ್ತಿರುವಾಗ ಹೇಗೆ ಮಾತಾಡಲಿ ಎನ್ನುವ ಅವ್ವಂದಿರಿದ್ದರೆ, ಪಕ್ಕದ ಮನೆಯವರು ಆ ಮಕ್ಕಳನ್ನು ಅರ್ಧ ಗಂಟೆ ತಮ್ಮ ಕಟ್ಟೆಗೆ ಕರೆದುಕೊಳ್ಳಬಹುದು. ಏನು ಮಾತಾಡಿದಿ ಎಂದು ಆಮೇಲೆ ಕೇಳದಿದ್ದರಾಯಿತು.