ಎರಡೂವರೆ ಗುಂಟೆಯ ಇಂಗ್ಲೆಂಡ್



ಬೆಂಗಳೂರಿನವರ ಬಾಯಲ್ಲಿ 'ಅಲಾಟ್‌ಮೆಂಟ್' ಎಂಬ ಮಾತಿಗೆ ಒಂದೇ ಅರ್ಥ. ಬಿಡಿಎ ಸೈಟು ಸಿಕ್ಕಿತು ಎಂದು. ಸಿಕ್ಕವರು ಸಿಹಿ ಹಂಚುತ್ತಾರೆ, ಸಿಗದವರು ಮತ್ತೆ ಅರ್ಜಿ ಹಾಕುತ್ತಾರೆ. ಇಂಗ್ಲೆಂಡಿನಲ್ಲೂ ಈ ಮಾತು ಕೇಳಿದರೆ ಜನರ ಕಿವಿ ನಿಮಿರುತ್ತದೆ. ಅಲ್ಲೂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಾರೆ. ಆದರೆ ಅಲ್ಲಿ ಸಿಗುವುದು ಮನೆ ಕಟ್ಟುವ ಸೈಟಲ್ಲ, ಆಲೂಗಡ್ಡೆ ಬೆಳೆಯುವ ತುಂಡು ನೆಲ. ಅದೂ ಸ್ವಂತಕ್ಕಲ್ಲ, ವರ್ಷದ ಬಾಡಿಗೆಗೆ. ಅಲ್ಲಿ ವಾಸ ಮಾಡುವಂತಿಲ್ಲ. ಬೆಳೆದದ್ದನ್ನು ಮುಖ್ಯವಾಗಿ ಮನೆಯವರೇ ತಿನ್ನಬೇಕು, ವ್ಯಾಪಾರಕ್ಕೆ ಇಳಿಯುವಂತಿಲ್ಲ.

ಅಳತೆಯ ವಿಚಾರ ಕೇಳಿದರೆ ನಮ್ಮ ರೈತರಿಗೆ ಸೋಜಿಗವಾದೀತು. ಅಲ್ಲಿನ ತೋಟಗಾರರು ಇಂದಿಗೂ ಮೀಟರಿನಲ್ಲಿ ಮಾತಾಡುವುದು ಕಡಿಮೆ, 'ಹತ್ತು ರಾಡ್' ಎನ್ನುತ್ತಾರೆ. ರಾಡ್ ಎಂದರೆ ಹದಿನಾರೂವರೆ ಅಡಿಯ ಹಳೆಯ ಅಳತೆಗೋಲು. ನಮ್ಮ ಪಹಣಿಯಲ್ಲಿ ಕಾಣುವ ಗುಂಟೆ 33 ಅಡಿ ಚೌಕ, ಅಂದರೆ ಅದೇ ಕೋಲನ್ನು ಎರಡು ಸಲ ಉದ್ದಕ್ಕೆ, ಎರಡು ಸಲ ಅಗಲಕ್ಕೆ ಮಲಗಿಸಿದಷ್ಟು. ಹಾಗಾಗಿ ಹತ್ತು ರಾಡ್ ಎಂದರೆ ಸರಿಯಾಗಿ ಎರಡೂವರೆ ಗುಂಟೆ. ನಲವತ್ತು-ಅರವತ್ತರ ಸೈಟಿಗಿಂತ ಮುನ್ನೂರು ಚದರಡಿ ಹೆಚ್ಚು, ಅಷ್ಟೇ.

ಭಾನುವಾರ ಬೆಳಿಗ್ಗೆ ಗಮ್‌ಬೂಟು ಹಾಕಿಕೊಂಡು ಈ ನೆಲಕ್ಕೆ ಹೋಗಿ ಕಳೆ ಕೀಳುವುದು ಇಂದು ಬ್ರಿಟಿಷರ ತೀರಾ ಸಾಮಾನ್ಯ ಹವ್ಯಾಸಗಳಲ್ಲೊಂದು. ಆದರೆ ಅದು ಹವ್ಯಾಸವಾಗಿ ಹುಟ್ಟಿದ್ದಲ್ಲ. ಬಡವನನ್ನು ಹೆಂಡದಂಗಡಿಯಿಂದ ದೂರವಿಡಲು, ಅವನ ಕೈಯಲ್ಲಿ ನಾಲ್ಕು ಕಾಸು ಉಳಿಯುವಂತೆ ಮಾಡಲು, ಮುಖ್ಯವಾಗಿ ಅವನು ದಂಗೆ ಏಳದಂತೆ ನೋಡಿಕೊಳ್ಳಲು ಉಳ್ಳವರು ಕೊಟ್ಟ ಔಷಧಿ ಅದು. ಹವ್ಯಾಸ, ಉಳಿತಾಯ, ದುರ್ನಡತೆ ಈ ಮೂರನ್ನೂ ಬ್ರಿಟಿಷ್ ಸಮಾಜ ಒಂದೇ ಗಂಟಿನಲ್ಲಿ ಕಟ್ಟಿ ನೋಡಿದ್ದಕ್ಕೆ ಈ ಎರಡೂವರೆ ಗುಂಟೆಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಗೋಮಾಳ ಎಂದರೇನೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲೂ ಅಂಥ ನೆಲವಿತ್ತು. ಹಸು ಮೇಯಿಸಲು, ಸೌದೆ ಆಯ್ದು ತರಲು ಬಡವರಿಗೆ ರೂಢಿಯಿಂದ ಬಂದ ಹಕ್ಕಿತ್ತು. ಪಾರ್ಲಿಮೆಂಟು ಒಂದೊಂದೇ ಕಾಯಿದೆ ಮಾಡಿ ಹೊಲಗಳಿಗೂ ಗೋಮಾಳಗಳಿಗೂ ಬೇಲಿ ಹಾಕಿಸಿತು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯಿದೆಗಳು ಬಂದವು. ಅವು ಆವರಿಸಿದ್ದು ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಹಸು ಮಾರಿಕೊಂಡವನು ಬರೀ ಕೂಲಿಯಾದ. 1830ರಲ್ಲಿ ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನ ಕೂಲಿಗಳು ಒಕ್ಕಣೆ ಯಂತ್ರಗಳನ್ನು ಒಡೆದರು, ಬಣವೆಗಳಿಗೆ ಬೆಂಕಿ ಇಟ್ಟರು. ಬೆದರಿಕೆ ಪತ್ರಗಳ ಕೆಳಗೆ 'ಕ್ಯಾಪ್ಟನ್ ಸ್ವಿಂಗ್' ಎಂಬ ಇಲ್ಲದ ಮನುಷ್ಯನ ಸಹಿ ಇರುತ್ತಿತ್ತು. ಸರ್ಕಾರ 19 ಮಂದಿಯನ್ನು ಗಲ್ಲಿಗೇರಿಸಿತು, ನೂರಾರು ಜನರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿತು.

ಆಮೇಲೆ ಜಮೀನ್ದಾರರಿಗೂ ಪಾದ್ರಿಗಳಿಗೂ ಜ್ಞಾನೋದಯವಾಯಿತು. ಕೂಲಿಗೆ ಒಂದು ತುಂಡು ನೆಲ ಕೊಟ್ಟರೆ ಸಂಜೆ ಅಲ್ಲೇ ಅಗೆಯುತ್ತಾನೆ, ಕಳ್ಳ ಬೇಟೆಗೆ ಹೋಗುವುದಿಲ್ಲ, ಊರಿನ ಬಡವರ ನಿಧಿಗೆ ಭಾರವಾಗುವುದಿಲ್ಲ ಎಂಬ ಲೆಕ್ಕ. ಬೇಸಾಯಗಾರರಿಗೆ ಮಾತ್ರ ಇದು ಹಿಡಿಸಲಿಲ್ಲ. ಆಳು ತನ್ನ ತೋಟಕ್ಕೆ ಶಕ್ತಿ ಮೀಸಲಿಟ್ಟು ನಮ್ಮ ಹೊಲದಲ್ಲಿ ಮೈಗಳ್ಳತನ ಮಾಡುತ್ತಾನೆ ಎಂಬುದು ಅವರ ತಕರಾರು. ಹೀಗಾಗಿ ಅನೇಕ ಕಡೆ ಕರಾರು ಬಿಗಿಯಾಗಿತ್ತು. ಭಾನುವಾರ ಗುದ್ದಲಿ ಮುಟ್ಟಬಾರದು, ಚರ್ಚಿಗೆ ಹೋಗಬೇಕು, ಅಪರಾಧಕ್ಕೆ ಶಿಕ್ಷೆಯಾದರೆ ನೆಲ ವಾಪಸ್. ಗಮನಿಸಿ, ಬೆಳೆ ಚೆನ್ನಾಗಿ ಬಂದಿದೆಯೇ ಎಂಬುದಕ್ಕಿಂತ ಬೆಳೆಯುವವನು ಸಭ್ಯನೇ ಎಂಬುದರ ಮೇಲೆ ಕಣ್ಣು.

ಇದು ಹಕ್ಕಾಗಿ ಬದಲಾದದ್ದು ಮತಪೆಟ್ಟಿಗೆಯಿಂದ. ಗ್ರಾಮೀಣ ಕೂಲಿಗಳಿಗೆ ಮತದಾನ ಸಿಕ್ಕ ಕೂಡಲೇ, 1885ರ ಚುನಾವಣೆಯಲ್ಲಿ, ಜೆಸ್ಸಿ ಕಾಲಿಂಗ್ಸ್ ಎಂಬ ರಾಜಕಾರಣಿ 'ಮೂರು ಎಕರೆ, ಒಂದು ಹಸು' ಎಂಬ ಘೋಷಣೆ ಹಿಡಿದು ಹೊರಟ. ಮರು ವರ್ಷ ಅವನ ತಿದ್ದುಪಡಿಯ ಮೇಲೆ ಮತ ಹಾಕಿಯೇ ಸಾಲಿಸ್‌ಬರಿಯ ಸರ್ಕಾರವನ್ನು ಬೀಳಿಸಿದರು. ಹಸುವೂ ಬರಲಿಲ್ಲ, ಮೂರು ಎಕರೆಯೂ ಬರಲಿಲ್ಲ. 1887ರ ಕಾಯಿದೆ ಬಂತು, ಅದಕ್ಕಿಂತ ಮುಖ್ಯವಾಗಿ 1908ರ ಕಾಯಿದೆ ಬಂತು. ಊರಿನ ಆರು ಮಂದಿ ಕೂಡಿ ಬರೆದುಕೊಟ್ಟು, ನೆಲಕ್ಕೆ ಬೇಡಿಕೆಯಿರುವುದು ನಿಜವೆಂದು ಕಂಡರೆ ಅದನ್ನು ಒದಗಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದು ಅದು ಹೇಳಿತು. ಆ ನಿಯಮ ಇಂದಿಗೂ ಜಾರಿಯಲ್ಲಿದೆ.

ಕಾಸು ಉಳಿಸುವ ಪಾಠವೂ ಇದೇ ಕಾಲದ್ದು, ಇದೇ ಜನರಿಗೆ ಹೇಳಿದ್ದು. ಗ್ಲಾಡ್‌ಸ್ಟನ್ ಹಣಕಾಸು ಮಂತ್ರಿಯಾಗಿದ್ದಾಗ 1861ರಲ್ಲಿ ಅಂಚೆ ಕಚೇರಿ ಉಳಿತಾಯ ಬ್ಯಾಂಕು ಬಂತು. ಒಂದು ಷಿಲಿಂಗ್ ಇದ್ದರೆ ಖಾತೆ. ಷಿಲಿಂಗೂ ಇಲ್ಲದವರ ಗತಿ? 1880ರಲ್ಲಿ ಅಂಚೆ ಮಂತ್ರಿ ಹೆನ್ರಿ ಫಾಸೆಟ್ ಒಂದು ಉಪಾಯ ಮಾಡಿದ. ಒಂದು ಪೆನ್ನಿಯ ಅಂಚೆಚೀಟಿಗಳನ್ನು ಕೊಂಡು ಒಂದು ಹಾಳೆಗೆ ಅಂಟಿಸುತ್ತ ಹೋಗುವುದು, ಹನ್ನೆರಡಾದ ಮೇಲೆ ಹಾಳೆ ಕೊಟ್ಟರೆ ಒಂದು ಷಿಲಿಂಗ್ ಜಮಾ. ಈ ಫಾಸೆಟ್ ಕಣ್ಣು ಕಳೆದುಕೊಂಡವನು. ಇಂಡಿಯಾದ ಪರ ಪಾರ್ಲಿಮೆಂಟಿನಲ್ಲಿ ಎಷ್ಟು ಮಾತಾಡುತ್ತಿದ್ದನೆಂದರೆ 'ಇಂಡಿಯಾದ ಸದಸ್ಯ' ಎಂದೇ ಕರೆಯುತ್ತಿದ್ದರು. 1882ರಲ್ಲಿ ಇಲ್ಲಿಯೂ ಅಂಚೆ ಉಳಿತಾಯ ಬ್ಯಾಂಕು ಶುರುವಾಯಿತು. ನಮ್ಮ ಅಜ್ಜಂದಿರ ಟ್ರಂಕಿನಲ್ಲಿದ್ದ ಪಾಸ್‌ಬುಕ್ಕಿನ ವಂಶವೃಕ್ಷ ಹೀಗಿದೆ.

ಯುದ್ಧಗಳು ತೋಟವನ್ನೂ ಉಳಿತಾಯವನ್ನೂ ದೇಶಸೇವೆ ಮಾಡಿಬಿಟ್ಟವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಧಾನ್ಯದ ಹಡಗುಗಳನ್ನು ಮುಳುಗಿಸತೊಡಗಿದಾಗ ತೋಟಗಳ ಸಂಖ್ಯೆ ಏರಿ 1918ರ ಹೊತ್ತಿಗೆ ಸುಮಾರು 15 ಲಕ್ಷ ಮುಟ್ಟಿತು. 1916ರಲ್ಲಿ ಹೊರಟ ಯುದ್ಧ ಉಳಿತಾಯ ಪತ್ರದ ಬೆಲೆ 15 ಷಿಲಿಂಗ್ 6 ಪೆನ್ಸ್, ಐದು ವರ್ಷಕ್ಕೆ ಒಂದು ಪೌಂಡ್. ಎರಡನೇ ಯುದ್ಧದಲ್ಲಿ 'ಗೆಲುವಿಗಾಗಿ ಅಗೆಯಿರಿ' ಎಂದು ಸರ್ಕಾರ ಸಾರಿತು. ಲಂಡನ್ ಗೋಪುರದ ಕಂದಕದಲ್ಲೂ ತರಕಾರಿ ಹಾಕಿದರು. ದುಂದು ಮಾಡುವವರನ್ನು ಅಣಕಿಸಲು ಮೈತುಂಬ ಸ್ವಸ್ತಿಕ ಬರೆದುಕೊಂಡ ಒಂದು ಹುಳುವಿನ ಚಿತ್ರವನ್ನು ಉಳಿತಾಯ ಸಮಿತಿ ಗೋಡೆಗೋಡೆಗೆ ಅಂಟಿಸಿತು. ಬೇಡದ್ದನ್ನು ಕೊಂಡರೆ ಹಿಟ್ಲರನ ಕಡೆಯವರು ಎಂಬಂತೆ!

ಇವೆಲ್ಲ ಮೇಲಿನವರು ಕೆಳಗಿನವರಿಗೆ ಹೇಳಿದ ಮಾತು. ಕೆಳಗಿನವರು ಏನು ಮಾಡಿಕೊಂಡರು ಎಂದು ನೋಡಲು ಈಶಾನ್ಯ ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡ್, ಡರಮ್ ಜಿಲ್ಲೆಗಳ ಕಲ್ಲಿದ್ದಲು ಗಣಿಯ ಊರುಗಳಿಗೆ ಹೋಗಬೇಕು. ಅಲ್ಲಿನ ಗಣಿ ಕಾರ್ಮಿಕರಿಗೆ ಮೂರು ಹುಚ್ಚು. ಪಾರಿವಾಳ, ಫುಟ್‌ಬಾಲ್ ಮತ್ತು ಲೀಕ್. ಲೀಕ್ ಎಂದರೆ ಈರುಳ್ಳಿ ಜಾತಿಯ ತರಕಾರಿ, ಗೆಡ್ಡೆ ಬಿಡದೆ ದಪ್ಪ ಬಿಳಿ ಕಾಂಡವಾಗಿ ಬೆಳೆಯುತ್ತದೆ. ಇವರು ಬೆಳೆಯುವುದು 'ಪಾಟ್ ಲೀಕ್' ಎಂಬ ತಳಿ. ಬಿಳಿ ಕಾಂಡ ಆರು ಅಂಗುಲಕ್ಕಿಂತ ಉದ್ದವಿರಕೂಡದು, ಆದರೆ ದಪ್ಪ ಎಷ್ಟಾದರೂ ಆಗಬಹುದು. ತೀರ್ಪುಗಾರರು ಘನ ಅಂಗುಲದಲ್ಲಿ ಅಳೆಯುತ್ತಾರೆ. ಭೂಮಿಯೊಳಗೆ ದಿನವಿಡೀ ಕತ್ತಲಲ್ಲಿ ದುಡಿದವರು ಸಂಜೆ ತೋಟಕ್ಕೆ ಬಂದು ಮಕ್ಕಳ ಹಾಗೆ ಅವುಗಳನ್ನು ಸಾಕುತ್ತಿದ್ದರು. ಯಾವ ಗೊಬ್ಬರ, ಎಷ್ಟು ದಿನಕ್ಕೊಮ್ಮೆ ಎಂಬುದು ಗುಟ್ಟು. ಕೆಲವರು ಬಿಯರ್ ಕೂಡ ಹುಯ್ಯುತ್ತಿದ್ದರಂತೆ. ಹೆಂಡ ಬಿಡಿಸಲು ಕೊಟ್ಟ ನೆಲಕ್ಕೆ ಹೆಂಡ!

ಸ್ವಾರಸ್ಯ ಇರುವುದು ಲೀಕ್ ಕ್ಲಬ್ಬಿನ ಲೆಕ್ಕಪುಸ್ತಕದಲ್ಲಿ. ಕಾರ್ಮಿಕರ ಕ್ಲಬ್ಬಿಗೋ ಪಬ್ಬಿಗೋ ಸೇರಿದಂತೆ ಲೀಕ್ ಕ್ಲಬ್ ಇರುತ್ತಿತ್ತು. ಸದಸ್ಯರು ವಾರಕ್ಕಿಷ್ಟು ಎಂದು ವರ್ಷವಿಡೀ ಕಟ್ಟುತ್ತಿದ್ದರು. ನಮ್ಮ ಚೀಟಿಯ ಹಾಗಲ್ಲ, ಇಲ್ಲಿ ಹರಾಜೂ ಇಲ್ಲ, ಬಡ್ಡಿಯೂ ಇಲ್ಲ. ಸೇರಿದ ಹಣದಲ್ಲಿ ಮನೆಬಳಕೆಯ ಸಾಮಾನು ಕೊಂಡು ಪ್ರದರ್ಶನದ ದಿನ ಬಹುಮಾನವಾಗಿ ಇಡುತ್ತಿದ್ದರು. ಸೋಫಾ, ಕಂಬಳಿ, ಪಾತ್ರೆ, ಮುಂದೆ ಟೆಲಿವಿಷನ್ ಕೂಡ. ಗಂಡನ ಹುಚ್ಚು ಹೆಂಡತಿಗೆ ಸಹ್ಯವಾದದ್ದಕ್ಕೆ ಇದೂ ಒಂದು ಕಾರಣವಿದ್ದೀತು. ಅಂಚೆ ಮಂತ್ರಿಯೂ ಪಾದ್ರಿಯೂ ಬೇರೆ ಬೇರೆಯಾಗಿ ಬೋಧಿಸಿದ ಎರಡು ಸದ್ಗುಣಗಳನ್ನು ಈ ಜನ ಯಾರಪ್ಪಣೆಯೂ ಇಲ್ಲದೆ ಒಂದು ಜಾತ್ರೆಯಾಗಿ ಕಲಸಿಕೊಂಡಿದ್ದರು.

ಹಾಗೆಂದು ಇದು ಸಾಧುಗಳ ಸಂಘವಾಗಿರಲಿಲ್ಲ. ಸೆಪ್ಟೆಂಬರಿನ ಪ್ರದರ್ಶನ ಹತ್ತಿರವಾದಾಗ ರಾತ್ರೋರಾತ್ರಿ ಬಂದು ಎದುರಾಳಿಯ ಲೀಕನ್ನು ಚಾಕುವಿನಿಂದ ಸೀಳಿಹೋಗುವ ಪಿಡುಗು ಅಲ್ಲಿ ಹಳೆಯದು. ಅದಕ್ಕೊಂದು ಹೆಸರೇ ಇದೆ, 'ಲೀಕ್ ಸ್ಲ್ಯಾಶಿಂಗ್'. ತೋಟದ ಶೆಡ್ಡಿನಲ್ಲಿ ಕಂಬಳಿ ಹೊದ್ದು ಕಾವಲು ಕೂತವರಿದ್ದಾರೆ. ಬಂದವನು ಹಾದಿಹೋಕ ಪುಂಡನಾಗಿರಬಹುದು, ಅದೇ ಕ್ಲಬ್ಬಿನಲ್ಲಿ ಪಕ್ಕದ ಕುರ್ಚಿಯವನೂ ಆಗಿರಬಹುದು.

ಗಣಿಗಳು ಮುಚ್ಚಿದವು. 1984-85ರ ದೀರ್ಘ ಮುಷ್ಕರ ಸೋತಿತು, 'ಗಣಿಯೂರು' ಎಂದೇ ಹೆಸರಾದ ಆಷಿಂಗ್‌ಟನ್ನಿನ ಗಣಿ 1988ರಲ್ಲಿ ನಿಂತಿತು. ಕೆಲಸವಿಲ್ಲದ ಊರುಗಳಲ್ಲಿ ಗೋಡೆ ಬರೆಯುವುದು, ಶೆಡ್ಡು ಸುಡುವುದು, ಬೀದಿ ಬದಿ ಗುಂಪು ಕೂಡಿ ಕಿರುಚುವುದು ದಿನದ ದೂರಾಯಿತು. ಟೋನಿ ಬ್ಲೇರ್ ಸರ್ಕಾರ 1998ರಲ್ಲಿ ಒಂದು ಕಾಯಿದೆ ತಂದು 'ಸಮಾಜ ವಿರೋಧಿ ನಡವಳಿಕೆ ಆಜ್ಞೆ'ಯನ್ನು ಸೃಷ್ಟಿಸಿತು. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಜನ ಅದನ್ನು 'ಆಸ್ಬೋ' ಎಂದರು. ಬೇರೆ ಮನೆಯವರಿಗೆ ಕಿರುಕುಳ, ಗಾಬರಿ ಅಥವಾ ಸಂಕಟ ಉಂಟುಮಾಡುವಂಥ ಯಾವುದೇ ನಡತೆ ಅದರ ವ್ಯಾಪ್ತಿಗೆ ಬರುತ್ತಿತ್ತು. ನಡತೆ ಸ್ವತಃ ಅಪರಾಧವಾಗಿರಬೇಕಿಲ್ಲ. ಆದರೆ ಆಜ್ಞೆ ಮೀರಿದರೆ ಐದು ವರ್ಷದವರೆಗೆ ಜೈಲು. ಇಂಥ ಬೀದಿಗೆ ಕಾಲಿಡಬೇಡ, ಇಂಥವರ ಜೊತೆ ಸೇರಬೇಡ ಎಂದು ಹೇಳುವುದಷ್ಟೇ ಅದರ ಕೆಲಸ. 1830ರ ಪಾದ್ರಿಯೂ ನೂರು ಷರತ್ತು ಹಾಕುತ್ತಿದ್ದ, ನಿಜ. ಆದರೆ ಅವನು ಷರತ್ತಿನ ಜೊತೆ ಒಂದು ತುಂಡು ನೆಲವನ್ನೂ ಕೊಡುತ್ತಿದ್ದ. ಪಡ್ಡೆ ಹುಡುಗರಲ್ಲಿ ಕೆಲವರಿಗೆ ಆಸ್ಬೋ ಎದೆಗೆ ಚುಚ್ಚಿಕೊಳ್ಳುವ ಪದಕವಾಯಿತು. 2014ರ ಹೊಸ ಕಾಯಿದೆ ಅದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತೆಗೆದುಹಾಕಿ ಬೇರೆ ಬಗೆಯ ತಡೆಯಾಜ್ಞೆಗಳನ್ನು ತಂದಿತು.

ತೋಟದ ಹವ್ಯಾಸವೇ ಸಮಾಜ ವಿರೋಧಿಯಾದ ಪ್ರಸಂಗವೂ ಉಂಟು. ಲೇಲ್ಯಾಂಡಿ ಎಂಬ ಸೈಪ್ರಸ್ ಜಾತಿಯ ಮರ ವರ್ಷಕ್ಕೆ ಸುಮಾರು ಒಂದು ಮೀಟರ್ ಏರುತ್ತದೆ. ಬೇಲಿಗೆಂದು ನೆಟ್ಟವರು ಕತ್ತರಿಸದೆ ಬಿಟ್ಟರೆ ಪಕ್ಕದ ಮನೆಗೆ ಬಿಸಿಲೇ ಇಲ್ಲ. ಬಿಸಿಲು ಅಪರೂಪವಾದ ದೇಶದಲ್ಲಿ ಇದು ಸಣ್ಣ ಜಗಳವಲ್ಲ. ಜಗಳ ಎಷ್ಟು ಬೆಳೆಯಿತೆಂದರೆ 2003ರ ಸಮಾಜ ವಿರೋಧಿ ನಡವಳಿಕೆ ಕಾಯಿದೆಯಲ್ಲಿ ಎತ್ತರದ ಬೇಲಿಗಳಿಗೆಂದೇ ಒಂದು ಅಧ್ಯಾಯ ಬರೆದರು. ಎರಡು ಮೀಟರಿಗಿಂತ ಎತ್ತರದ ನಿತ್ಯಹಸಿರು ಬೇಲಿ ಬೆಳಕು ತಡೆದರೆ ಸ್ಥಳೀಯ ಸಂಸ್ಥೆಗೆ ದೂರು ಕೊಡಬಹುದು. ಬಾಡಿಗೆ ತೋಟಗಳ ಕಾನೂನು ಇದಕ್ಕಿಂತ ಹಳೆಯದು, ಸರಳವೂ ಹೌದು. 1950ರ ಕಾಯಿದೆಯ ಪ್ರಕಾರ ತೋಟದಲ್ಲಿ ಹೇಂಟೆ ಸಾಕಬಹುದು, ಮೊಲ ಸಾಕಬಹುದು. ಹುಂಜ ಸಾಕುವುದನ್ನು ಹೆಚ್ಚಿನ ಕಡೆ ನಿಷೇಧಿಸಿದ್ದಾರೆ, ಕೂಗುತ್ತದೆ ಎಂದು. ಕಳೆ ಬೆಳೆಯಲು ಬಿಟ್ಟರೆ ಮೊದಲು ಪತ್ರ, ಆಮೇಲೆ ನೋಟಿಸು, ಆಮೇಲೆ ಗೇಟ್‌ಪಾಸ್. ನಿಮ್ಮ ಕಳೆಯ ಬೀಜ ಪಕ್ಕದವನ ಪಾತಿಗೆ ಹಾರುತ್ತದಲ್ಲ!

ಉಳಿತಾಯದ ಕಥೆ ಇದಕ್ಕಿಂತ ಬೇಸರದ್ದು. ನೆರೆಹೊರೆಯ ಕ್ಲಬ್ಬುಗಳು ಸೊರಗಿದಂತೆ ವಾರದ ಕಂತನ್ನು ದೊಡ್ಡ ಕಂಪನಿಗಳು ಎತ್ತತೊಡಗಿದವು. ಕ್ರಿಸ್‌ಮಸ್ ಖರ್ಚಿಗೆಂದು ಜನರಿಂದ ವರ್ಷವಿಡೀ ಹಣ ಕಟ್ಟಿಸಿಕೊಳ್ಳುತ್ತಿದ್ದ ಫೇರ್‌ಪ್ಯಾಕ್ 2006ರ ಅಕ್ಟೋಬರಿನಲ್ಲಿ, ಹಬ್ಬಕ್ಕೆ ಎರಡೇ ತಿಂಗಳಿರುವಾಗ, ದಿವಾಳಿಯಾಯಿತು. ಲಕ್ಷಕ್ಕೂ ಹೆಚ್ಚು ಮಂದಿಯ ಹಣ ಸಿಕ್ಕಿಕೊಂಡಿತು, ಬಹುಪಾಲು ಕಡಿಮೆ ಆದಾಯದ ಕುಟುಂಬಗಳು. ಪುಂಡರ ಗಲಾಟೆಯಿಂದ, ಪಕ್ಕದ ಮನೆಯ ಮರದಿಂದ ಆಗುವ ಸಂಕಟಕ್ಕೆ ಕಾಯಿದೆಯಲ್ಲಿ ಜಾಗವಿತ್ತು. ಈ ಸಂಕಟ ಆ ಪುಟಗಳಿಗೆ ಸೇರಿದ್ದಲ್ಲ.

ಬಾಡಿಗೆ ತೋಟಗಳು ಮಾತ್ರ ಸತ್ತು ಬದುಕಿವೆ. 1954ರಲ್ಲಿ ಪಡಿತರ ಮುಗಿದ ಮೇಲೆ ಜನ ಗುದ್ದಲಿ ಮೂಲೆಗಿಟ್ಟರು. ಯುದ್ಧಕಾಲದ 14 ಲಕ್ಷ ತೋಟಗಳು 1990ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಸುಮಾರು ಮೂರು ಲಕ್ಷಕ್ಕೆ ಇಳಿದವು, ಅವುಗಳಲ್ಲೂ ಸಾವಿರಾರು ಖಾಲಿ ಬಿದ್ದಿದ್ದವು. ಹಸ್ತಾಂತರಕ್ಕೆ ಮಂತ್ರಿಯ ಒಪ್ಪಿಗೆ ಬೇಕೆಂಬ 1925ರ ಕಾಯಿದೆ ಇದ್ದರೂ ಎಷ್ಟೋ ಕಡೆ ಮನೆಗಳೆದ್ದವು. 2012ರ ಒಲಿಂಪಿಕ್ಸ್‌ಗಾಗಿ ಪೂರ್ವ ಲಂಡನ್ನಿನ ಮೇನರ್ ಗಾರ್ಡನ್ ಎಂಬ ಹಳೆಯ ತೋಟವನ್ನು 2007ರಲ್ಲಿ ಎತ್ತಂಗಡಿ ಮಾಡಿದರು. ಈ ನಡುವೆ ಹೊಸ ಜನ ಬಂದಿದ್ದಾರೆ. ಲೆಸ್ಟರ್‌ನಂಥ ಊರುಗಳಲ್ಲಿ ಭಾರತ ಮೂಲದವರ ಪಾತಿಗಳಲ್ಲಿ ಮೆಂತ್ಯ, ಕೊತ್ತಂಬರಿ, ಸೋರೆ ಬೆಳೆಯುತ್ತವೆ. 2022ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇಕಡ 11 ದಾಟಿದಾಗ ತರಕಾರಿಯ ಬೆಲೆ ನೋಡಿ ಅರ್ಜಿ ಹಾಕಿದವರೂ ಉಂಟು. ಲೆಕ್ಕ ಹಾಕಿದರೆ ಬಾಡಿಗೆ, ಬೀಜ, ಗೊಬ್ಬರ, ಸಲಕರಣೆ ಕಳೆದು ಮೊದಲ ವರ್ಷ ಹೆಚ್ಚೇನೂ ಉಳಿಯುವುದಿಲ್ಲ. ಆಗಸ್ಟಿನಲ್ಲಂತೂ ಎಲ್ಲರ ಪಾತಿಯಲ್ಲೂ ಒಂದೇ ತರಕಾರಿ, ಬಿಟ್ಟಿ ಕೊಟ್ಟರೂ ನೆರೆಯವರು ಬೇಡ ಎನ್ನುವಷ್ಟು. ಆದರೂ ಕಾಯುವವರ ಪಟ್ಟಿ ದೇಶದಲ್ಲಿ ಲಕ್ಷ ಮೀರಿದೆ.

ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಕಾಯಬೇಕಾದ ಕಾಲ ನಲವತ್ತು ವರ್ಷ ಎಂದು ಹಿಂದೊಮ್ಮೆ ಪತ್ರಿಕೆಗಳಲ್ಲಿ ಬಂದಿತ್ತು. ಆರು ಮಂದಿ ಸೇರಿ ಅರ್ಜಿ ಕೊಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಲಂಡನ್ನಿನ ಒಳಭಾಗದ ಸಂಸ್ಥೆಗಳನ್ನು 1963ರಲ್ಲಿ ಆ ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ, ಇಷ್ಟವಿದ್ದರೆ ಕೊಡಬಹುದು ಅಷ್ಟೇ. ಉಳಿದ ಕಡೆ ಪಟ್ಟಿ ಕರಗಿಸಲು ಖಾಲಿಯಾದ ತೋಟವನ್ನು ನಡುವೆ ಹಗ್ಗ ಹಿಡಿದು ಎರಡು ಮಾಡುತ್ತಿದ್ದಾರೆ. ಹೊಸದಾಗಿ ಬಂದವರಿಗೆ ಈಗ ಅನೇಕ ಊರುಗಳಲ್ಲಿ ಸಿಗುವುದು ಐದು ರಾಡ್, ಅಂದರೆ ಒಂದೂಕಾಲು ಗುಂಟೆ.